ಬಚ್ಚಲಲ್ಲಿ ಸತ್ತದ್ದು ಯಾವ ಹಾವು

ವಿಶಾಖಪಟ್ಟಣದಲ್ಲಿ ನೆಲೆಸಿ ಮೂವತ್ತು ವರ್ಷವಾದರೂ ಮನೆಯಲ್ಲಿ ಅಪ್ಪಟ ಮೈಸೂರು ಕನ್ನಡವನ್ನೇ ಉಳಿಸಿಕೊಂಡಿದ್ದೇವೆ ಎಂದು ಕಾಮೇಶ್ವರ ಅವರು ಬಂದ ಕೂಡಲೇ ಹೇಳಿದರು. ಆಮೇಲೆ ಕಾಫಿ ಕುಡಿದು, ರೈಲಿನ ಬೆವರು ತೊಳೆದುಕೊಂಡು ಬರುತ್ತೇನೆಂದು ಟವೆಲು ಹೆಗಲಿಗೆ ಹಾಕಿಕೊಂಡು ಬಚ್ಚಲಿಗೆ ಹೋದರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಕೂಗು ಕೇಳಿಸಿತು.

"ಅಮ್ಮೋ! ಪಾಮು! ಪಾಮು!"

ಹಾವಿಗೆ ಅಪ್ಪಟ ತೆಲುಗು. ಹೆದರಿಕೆಯಾದಾಗ ಬಾಯಿಗೆ ಬರುವುದೇ ಮನುಷ್ಯನ ನಿಜವಾದ ಭಾಷೆ ಎಂದು ನನಗೆ ಅವತ್ತು ಗೊತ್ತಾಯಿತು. ಕೂಗಿನ ಹಿಂದೆಯೇ ದಬದಬ ಸದ್ದು, ಒಳಗೆ ಯಾರೋ ಒಣಮೆಣಸಿನಕಾಯಿ ಕುಟ್ಟುತ್ತಿದ್ದ ಹಾಗೆ. ಆ ಮನೆಯ ಬಾಲಚಂದ್ರ ಅವರು ಹೊರಗಿನಿಂದ ಬಾಗಿಲು ಬಡಿದರು. ಚಿಲಕ ತೆಗೆಯುವುದಕ್ಕೆ ಬಹಳ ಹೊತ್ತು ಹಿಡಿಯಿತು, ಯಾಕೆಂದರೆ ಕಾಮೇಶ್ವರ ಅವರು ಕಮೋಡಿನ ಮೇಲೆ ನಿಂತಿದ್ದರು. ಅಲ್ಲಿಂದಲೇ ಬಗ್ಗಿ ಚಿಲಕ ತೆಗೆದು ಮತ್ತೆ ನೆಟ್ಟಗಾದರು. ಅರ್ಧ ಮೈಗೆ ಸೋಪು. ಒಂದು ಕೈಯಲ್ಲಿ ಟವೆಲಿನ ಗಂಟು, ಇನ್ನೊಂದರಲ್ಲಿ ಸ್ನಾನದ ಮರದ ಮಣೆ. ಕೆಳಗೆ ಒಂದು ಹಾವು ಬಿದ್ದಿತ್ತು. ತಲೆ ಇರಬೇಕಾದ ಕಡೆ ಚಟ್ನಿ.

"ನಾಗರ," ಎಂದರು, ಈಗ ಕನ್ನಡದಲ್ಲಿ. "ಹೆಡೆ ಎತ್ತಿತ್ತು. ಇಷ್ಟಗಲ."

ಇಷ್ಟಗಲ ಎಂದು ತೋರಿಸಲು ಎರಡೂ ಕೈ ಬೇಕಿತ್ತು. ಒಂದರಲ್ಲಿ ಟವೆಲಿದ್ದುದರಿಂದ ನಾವು ಮಾತನ್ನೇ ನಂಬಿದೆವು.

ಇದು ನಡೆದದ್ದು ವಿಜಯವಾಡದ ಭವಾನಿಪುರಂನಲ್ಲಿ, ಎರಡು ಸಾವಿರದ ಆರನೇ ಇಸವಿಯ ಶ್ರಾವಣದಲ್ಲಿ. ಕೃಷ್ಣೆ ತುಂಬಿ ಬ್ಯಾರೇಜಿನ ಗೇಟುಗಳನ್ನು ತೆಗೆದಿದ್ದರು. ನಮ್ಮ ಬೀದಿಯ ಚರಂಡಿಗಳು ಹೊಳೆಯ ಕಡೆಗೆ ಹೋಗುವ ಬದಲು ಹೊಳೆಯ ಕಡೆಯಿಂದ ಬರುತ್ತಿದ್ದವು. ಬಾಲಚಂದ್ರ ಅವರೂ ನಮ್ಮ ಯಜಮಾನರೂ ಒಂದೇ ಬ್ಯಾಂಕು, ವರ್ಗವಾಗಿ ಬಂದವರು. ಕೆಳಗಿನ ಮನೆಯಲ್ಲಿ ಅವರು, ಮೇಲೆ ನಾವು, ಹಿಂದಿನ ಭಾಗದಲ್ಲಿ ಮನೆಯ ಒಡತಿ ಸೀತಾಮಹಾಲಕ್ಷ್ಮಿಗಾರು. ಅವತ್ತು ನಮ್ಮವರು ಆಡಿಟ್ಟಿಗೆಂದು ಕೊಂಡಪಲ್ಲಿಗೆ ಹೋಗಿದ್ದರು. ಬಾಲಚಂದ್ರ ಅವರ ಹೆಂಡತಿ ಅನು, "ಕಮಲಾ, ಬೀಗರಾಗೋರು ಬರ್ತಿದಾರೆ, ನೀವು ಪಕ್ಕದಲ್ಲಿದ್ರೆ ನನಗೆ ಧೈರ್ಯ" ಎಂದು ಕರೆದಿದ್ದರಿಂದ ಬೆಳಗಿನಿಂದ ನಾನು ಅಲ್ಲೇ ಇದ್ದೆ.

ಅವರ ಒಬ್ಬಳೇ ಮಗಳು ಅಮೂಲ್ಯಾ. ವಿಶಾಖಪಟ್ಟಣದ ಔಷಧಿ ಕಂಪನಿಯೊಂದರ ಲ್ಯಾಬಿನಲ್ಲಿ ಕೆಲಸ. ಹುಡುಗ ಶ್ರೀವತ್ಸ, ಕಾಮೇಶ್ವರ ಅವರ ಮಗ, ಅದೇ ಊರಿನ ಆಸ್ಪತ್ರೆಯಲ್ಲಿ ಕಂಪ್ಯೂಟರ್ ವಿಭಾಗ. ಜಾತಕ ಕೂಡಿದೆ, ಹುಡುಗ ಹುಡುಗಿಯನ್ನು ಇನ್ನೂ ನೋಡಿಲ್ಲ, ನೋಡಲು ಬರುತ್ತಿದ್ದಾರೆ ಎಂಬುದು ಎರಡೂ ಮನೆಯ ದೊಡ್ಡವರ ತಿಳಿವಳಿಕೆ. ನೋಡದೆ ಏನು? ಅಲ್ಲಿನ ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಊಟದ ಸಾಲಿನಲ್ಲಿ ಸಿಕ್ಕವರು ಹತ್ತಿರ ಹತ್ತಿರ ಎರಡು ವರ್ಷದಿಂದ ಸಮುದ್ರದ ದಂಡೆಯ ಜೋಳವನ್ನೆಲ್ಲ ಖಾಲಿ ಮಾಡುತ್ತಿದ್ದರು. ಪ್ರೀತಿಯ ಮದುವೆ ಎಂದರೆ ಕಾಮೇಶ್ವರ ಅವರಿಗೆ ಮೈ ಉರಿಯುತ್ತದೆ ಎಂದು ತಿಳಿದು, ಗುರುತಿನವರ ಮೂಲಕ ಜಾತಕವನ್ನು ತಾವೇ ನುಸುಳಿಸಿದ್ದರು. ಈ ಗುಟ್ಟು ಗೊತ್ತಿದ್ದದ್ದು ನನಗೊಬ್ಬಳಿಗೆ. ಅವತ್ತು ಸಂಜೆ ಎಲೆ ಅಡಿಕೆ ಬದಲಾಯಿಸಿಬಿಟ್ಟರೆ ಅವರ ನಾಟಕಕ್ಕೆ ಮಂಗಳ ಹಾಡಬಹುದಿತ್ತು.

ಈಗ ನೋಡಿದರೆ ಹಾವು.

ಕಾಮೇಶ್ವರ ಅವರು ಸೋಪು ತೊಳೆದುಕೊಳ್ಳದೆಯೇ ಪಂಚೆ ಉಟ್ಟು ನಡುಮನೆಗೆ ಬಂದು ಕೂತರು. ಮುಖ ಗಂಭೀರವಾಗಿತ್ತು.

"ಬಾಲಚಂದ್ರ ಅವರೇ, ಸರ್ಪಹತ್ಯೆ ಆಗಿಹೋಯ್ತು. ಮೊನ್ನೆ ತಾನೇ ನಾಗರ ಪಂಚಮಿಗೆ ಹಾಲೆರೆದ ಕೈ ಇದು. ಇನ್ನು ಈ ಮನೇಲಿ ಶುಭದ ಮಾತು ಆಡೋ ಹಾಗಿಲ್ಲ."

"ಅಂದರೆ?" ಎಂದರು ಬಾಲಚಂದ್ರ.

"ಅಂದರೆ ಏನಂಡೀ, ಕುಕ್ಕೆಗೆ ಹೋಗಿ ಸಂಸ್ಕಾರ ಮಾಡಿಸಬೇಕು. ಸತ್ತ ಬ್ರಾಹ್ಮಣನಿಗೆ ಮಾಡೋ ಹಾಗೆ ಎಲ್ಲಾನೂ. ಒಂದು ವರ್ಷ ಶುಭಕಾರ್ಯ ಬೇಡ."

"ಆದರೆ ಹೊಡೆದದ್ದು ತಾವು..." ಎಂದು ಅನು ಬಾಯಿಬಿಟ್ಟರು.

"ಹೊಡೆದದ್ದು ನಾನು. ಸತ್ತದ್ದು ನಿಮ್ಮ ಬಚ್ಚಲಲ್ಲಿ," ಎಂದರು ಕಾಮೇಶ್ವರ.

ದೋಷ ಹೊಡೆದವನಿಗೋ, ಬಾಡಿಗೆಗಿದ್ದವನಿಗೋ, ಮನೆ ಕಟ್ಟಿಸಿದವನಿಗೋ ಎಂಬ ವಾದ ಶುರುವಾಯಿತು. ಮೂರನೆಯ ಸಾಧ್ಯತೆ ಕಿವಿಗೆ ಬಿದ್ದ ಕೂಡಲೇ ಹಿಂಬಾಗಿಲಿನಿಂದ ಸೀತಾಮಹಾಲಕ್ಷ್ಮಿಗಾರು ಓಡಿಬಂದರು. ತಮ್ಮ ಗಂಡ ಕಟ್ಟಿಸಿದ್ದು ಮನೆಯನ್ನು ಮಾತ್ರ, ಹಾವಿನ ಪಾಪ ಬಾಡಿಗೆಯಲ್ಲಿ ಸೇರಿಲ್ಲ ಎಂದು ತೆಲುಗಿನಲ್ಲಿ ಖಡಾಖಂಡಿತವಾಗಿ ಹೇಳಿದರು. ಕಾಮೇಶ್ವರ ಅವರ ಹೆಂಡತಿ ಅನ್ನಪೂರ್ಣಮ್ಮ ಮಾತ್ರ ಕೋಡುಬಳೆ ಮುರಿಯುತ್ತ ಕೂತಿದ್ದರು.

ಅಡುಗೆಮನೆಯ ಬಾಗಿಲಲ್ಲಿ ಅಮೂಲ್ಯಾ ನನ್ನ ಸೆರಗು ಹಿಡಿದು ಎಳೆದಳು. ಕಣ್ಣಲ್ಲಿ ನೀರು ತುಂಬಿತ್ತು.

"ಆಂಟಿ, ಬೆಂಗಳೂರಲ್ಲಿ ಇನ್ನೊಂದು ಹುಡುಗಿ ನೋಡಿಟ್ಟಿದಾರೆ. ಇಲ್ಲಿ ಆಗ್ಲಿಲ್ಲ ಅಂದ್ರೆ ಮುಂದಿನ ವಾರ ಅಲ್ಲಿಗೆ ಹೋಗ್ತಾರೆ. ಒಂದು ವರ್ಷ ಯಾರು ಕಾಯ್ತಾರೆ?"

"ಅಳಬ್ಯಾಡ. ಮೊದ್ಲು ಅದೇನು ಅಂತ ನೋಡಾಣ ತಡಿ," ಎಂದೆ.

ನಮ್ಮೂರು ದಾವಣಗೆರೆಯ ಕಡೆ ಭದ್ರಾ ಚಾನಲ್ ಬಗಲಿಗೇ ಇದೆ. ಗದ್ದೆಗೆ ನೀರು ಬಿಟ್ಟ ದಿನ ನೀರಿಗಿಂತ ಮುಂಚೆ ಹಾವು ಬರುತ್ತಿದ್ದವು. ಸಣ್ಣವಳಿದ್ದಾಗ ಕೊಡ ಅದ್ದಿದರೆ ಒಂದೊಂದು ಸಲ ಒಳಗೇ ಬರುತ್ತಿದ್ದವು. ನೀರುಹಾವು ಕಚ್ಚಿದರೆ ನಮ್ಮವ್ವ ನನಗೇ ಬೈಯುತ್ತಿದ್ದಳು, ನೋಡಿಕೊಂಡು ಕೈ ಹಾಕಬಾರದಾ ಎಂದು. ಹಾಗಾಗಿ ಯಾವುದಕ್ಕೆ ಓಡಬೇಕು, ಯಾವುದಕ್ಕೆ ಹಚಾ ಅನ್ನಬೇಕು ಎಂಬುದು ನನಗೆ ಶಾಲೆಗೆ ಹೋಗುವ ಮೊದಲೇ ಗೊತ್ತಿತ್ತು.

ಬಚ್ಚಲಿಗೆ ಹೋಗಿ ಪೊರಕೆಯ ಕಡ್ಡಿಯಿಂದ ಹೊರಳಿಸಿ ನೋಡಿದೆ. ಬೆನ್ನ ತುಂಬ ಚೌಕಾಬಾರದ ಮನೆಗಳ ಹಾಗೆ ಕಪ್ಪು ಚೌಕಗಳು. ಬೆರಳು ಆಡಿಸಿದರೆ ಚರ್ಮ ಒರಟು, ನಾಗರದ ನುಣುಪಿಲ್ಲ. ಬಾಲ ಉದ್ದಕ್ಕೆ ಸಣ್ಣಗಾಗುತ್ತ ಹೋಗಿತ್ತು. ನೀರುಹಾವೇ. ಇಲ್ಲಿಯವರು ನೀರುಕಟ್ಟ ಅನ್ನುವುದು ಇದಕ್ಕೇ. ಮೂಲೆಗೆ ಸಿಕ್ಕಿಕೊಂಡರೆ ತಲೆಯೆತ್ತಿ ಕುತ್ತಿಗೆ ಚಪ್ಪಟೆ ಮಾಡಿ ನಾಗರದ ವೇಷ ಹಾಕುತ್ತದೆ. ಪಾಪದ ಪ್ರಾಣಿ, ಬದುಕುವುದಕ್ಕೆ ಕಲಿತುಕೊಂಡ ವಿದ್ಯೆ. ಆದರೆ ಅದನ್ನು ನೋಡಿ ಹೆದರಿದವನ ಕೈಯಲ್ಲಿ ಮಣೆ ಇದ್ದರೆ ಅದೇ ವಿದ್ಯೆ ಅದನ್ನು ಕೊಲ್ಲಿಸುತ್ತದೆ.

ಕಷ್ಟವೆಂದರೆ ಹೆಚ್ಚಿನ ಸಾಕ್ಷಿಯೆಲ್ಲ ತಲೆಯಲ್ಲಿರುತ್ತದೆ. ತಲೆಯನ್ನು ಕಾಮೇಶ್ವರ ಅವರು ನುಣ್ಣಗೆ ಅರೆದಿದ್ದರು.

ನಡುಮನೆಗೆ ಬಂದು ಹೇಳಿದೆ. "ನಾಗರ ಅಲ್ರಿ ಇದು. ನೀರುಹಾವು. ವಿಷ ಇಲ್ಲ, ದೋಷಾನೂ ಇಲ್ಲ. ನೀವು ಆರಾಮ ಕುಂತು ಕೋಡುಬಳಿ ತಿನ್ರಿ."

ಸಂತೋಷಪಡುತ್ತಾರೆ ಎಂದುಕೊಂಡಿದ್ದೆ. ಅವರ ಮುಖ ಇನ್ನೂ ಕೆಂಪಾಯಿತು.

"ನೋಡಿಯಮ್ಮಾ, ನಾನು ಕಡಲ ದಂಡೆಯವನು. ಬಲೆ ಎಳೆಯೋದನ್ನ ದಿನಾ ನೋಡ್ತೀನಿ. ನೀರಲ್ಲಿರೋ ಹಾವು ಕಚ್ಚಿದ್ರೆ ಉಳಿಯೋದಿಲ್ಲ. ನೀರುಹಾವಿಗೆ ವಿಷ ಇಲ್ಲ ಅಂತ ನನಗೆ ಹೇಳ್ತೀರಾ?"

"ಕಡಲಿಂದು ಬ್ಯಾರೆ ಐತ್ರಿ. ನಾವೂ ನಿಮ್ಮ ವೈಜಾಗಿನಾಗ ಎರಡು ವರ್ಷ ಇದ್ವಿ. ಅದರ ಬಾಲ ದೋಣಿ ಹುಟ್ಟಿನಂಗ ಚಪ್ಪಟಿ ಇರ್ತೈತಿ. ಅದು ಕಂಡ್ರ ನಾನೂ ಓಡ್ತೀನಿ. ಇದರ ಬಾಲ ನೋಡ್ರಿ, ಇಲಿ ಬಾಲದಂಗ ಚೂಪು."

"ಹೆಡೆ ಎತ್ತಿತ್ತಮ್ಮಾ!"

"ಹಂಗ ವೇಷ ಹಾಕ್ತೈತ್ರಿ ಅದು."

"ಹೆಡೆ ಮೇಲೆ ಕನ್ನಡಕದ ಗುರುತಿತ್ತು!"

"ನಿಮ್ಮ ಕನ್ನಡಕ ಕಿಟಕಿ ಮ್ಯಾಲಿತ್ತಲ್ರಿ, ಈಗ ತಗಂಡು ಬಂದೆ," ಎಂದು ಅವರ ಕನ್ನಡಕವನ್ನು ಕೈಗೆ ಕೊಟ್ಟೆ.

ಶ್ರೀವತ್ಸ ನಗು ತಡೆಯಲು ನೀರು ಕುಡಿದ. ಅದು ಮೂಗಿಗೆ ಹೋಯಿತು. ಅವರಪ್ಪ ಅವನ ಕಡೆ ನೋಡಿದ ನೋಟಕ್ಕೆ ಹಾವಿನ ಜೊತೆ ಅವನೂ ಸಾಯಬೇಕಿತ್ತು.

ಆಗ ಬಚ್ಚಲ ಕಡೆಯಿಂದ ಅಮೂಲ್ಯಾ ಕೂಗಿದಳು. "ಆಂಟೀ, ಇನ್ನೊಂದು!"

ನಿಜವಾಗಿಯೂ ಇನ್ನೊಂದು. ಚರಂಡಿಯ ತೂತಿಗೆ ಜಾಲರಿ ಇರಲಿಲ್ಲ. ಅಲ್ಲಿಂದ ಬಂದು ಬಕೆಟ್ಟಿನ ಹಿಂದೆ ಸುತ್ತಿಕೊಂಡಿತ್ತು. ಎಲ್ಲರೂ ಬಾಗಿಲಿಗೆ ಮುತ್ತಿದರು. ನಾನು ಬಕೆಟ್ಟು ಸರಿಸಿದ ಕೂಡಲೇ ಎದ್ದು ನಿಂತು ಕುತ್ತಿಗೆ ಅಗಲಿಸಿತು. ಬಚ್ಚಲಲ್ಲಿ ಬೆಳಕು ಕಡಿಮೆ. ಸುಳ್ಳು ಯಾಕೆ ಹೇಳಲಿ, ಆ ಒಂದು ಗಳಿಗೆ ನಾನೂ ಒಂದು ಹೆಜ್ಜೆ ಹಿಂದೆ ಸರಿದೆ. ಮೊದಲನೆಯದು ನೀರುಹಾವಾದರೆ ಎರಡನೆಯದೂ ನೀರುಹಾವೇ ಆಗಬೇಕೆಂದು ಯಾರೂ ಬರೆದುಕೊಟ್ಟಿರಲಿಲ್ಲ. ಕಪ್ಪೆ ಇರುವ ಕಡೆಗೆ ನಾಗರವೂ ಬರುತ್ತದೆ.

"ಟಾರ್ಚ್ ತಗಂಡ್ ಬಾ," ಎಂದೆ. ಶ್ರೀವತ್ಸ ಓಡಿಹೋಗಿ ತಂದು, ಬೇರೆಯವರ ಹಾಗೆ ದೂರದಿಂದಲ್ಲ, ನನ್ನ ಪಕ್ಕಕ್ಕೇ ಬಂದು ನಿಂತು ಬೆಳಕು ಬಿಟ್ಟ. ಮುಖ ಕಂಡಿತು. ಕಣ್ಣಿನ ಕೆಳಗೆ ಎರಡು ಕಪ್ಪು ಗೆರೆ, ಓರೆಯಾಗಿ, ಕಾಡಿಗೆ ಹಚ್ಚಿಕೊಂಡವಳು ಅತ್ತ ಹಾಗೆ. ಕುತ್ತಿಗೆ ಅಗಲವಾಗಿದ್ದರೂ ಅದರ ಮೇಲೆ ಯಾವ ಗುರುತೂ ಇಲ್ಲ. ನೀರುಹಾವೇ. ಕುತ್ತಿಗೆಯ ಹಿಂದೆ ಹಿಡಿದು ಎತ್ತಿದೆ.

"ನೋಡ್ರಿ ಎಲ್ಲಾರೂ. ಈ ಗೆರಿ ಕಂಡ್ರ ನೀರುಹಾವು. ಇದು ಏನೂ ಮಾಡಂಗಿ..."

ಲ್ಲ ಎನ್ನುವಷ್ಟರಲ್ಲಿ ಅದು ಹೇಗೋ ತಲೆ ತಿರುಗಿಸಿ ನನ್ನ ಹೆಬ್ಬೆರಳಿನ ಬುಡಕ್ಕೆ ಬಾಯಿ ಹಾಕಿತು. ರಕ್ತ ಬಳಬಳ ಸುರಿಯಿತು. ಅನು ಕಿರುಚಿದರು. ಸೀತಾಮಹಾಲಕ್ಷ್ಮಿಗಾರು ದುರ್ಗಮ್ಮನನ್ನು ಕರೆದರು. ನಾನು ಹಾವನ್ನು ಹಿತ್ತಾಳೆಯ ಬಿಂದಿಗೆಗೆ ಬಿಟ್ಟು ಮೇಲೊಂದು ತಟ್ಟೆ ಮುಚ್ಚಿ, ಕೈಯನ್ನು ಸೋಪು ಹಾಕಿ ತೊಳೆದುಕೊಂಡೆ.

ಇಲ್ಲೊಂದು ಮಾತು ಹೇಳಿಬಿಡುತ್ತೇನೆ. ನಾನು ಮಾಡಿದ ಹಾಗೆ ಯಾರೂ ಮಾಡಬೇಡಿ. ನನ್ನ ಕೈಯಲ್ಲಿ ಹಾವಿತ್ತು, ಅದರ ಮುಖ ಕಂಡಿತ್ತು, ಆದ್ದರಿಂದ ಸುಮ್ಮನಿದ್ದೆ. ಕಚ್ಚಿ ಓಡುವ ಹಾವು ನಿಮಗೆ ಮುಖ ತೋರಿಸಲು ನಿಲ್ಲುವುದಿಲ್ಲ. ನೀವು ಆಸ್ಪತ್ರೆಗೆ ಹೋಗಿ.

ಬಾಲಚಂದ್ರ ಅವರೂ ಅದನ್ನೇ ಹೇಳಿದರು. "ಗವರ್ನರ್‌ಪೇಟೆಗೆ ಹೋಗೋಣ, ಅಲ್ಲಿ ದೊಡ್ಡ ಡಾಕ್ಟರಿದ್ದಾರೆ." ಅವರು ಮಾತು ಮುಗಿಸುವ ಮೊದಲೇ ಶ್ರೀವತ್ಸ ಬೀದಿಗೆ ಹೋಗಿ ಆಟೋ ಹಿಡಿದು ತಂದು ಗೇಟಿನ ಮುಂದೆ ನಿಲ್ಲಿಸಿದ್ದ.

"ಏನೂ ಬ್ಯಾಡ. ನೀರುಹಾವು ಕಚ್ಚೇತಿ ಅಂತ ಹೋದ್ರ ಡಾಕ್ಟ್ರು ನಗ್ತಾರ," ಎಂದೆ.

"ಹೋಗ್ಲೇಬೇಡಿ," ಎಂದರು ಕಾಮೇಶ್ವರ ಅವರು. ನನಗೆ ಆಶ್ಚರ್ಯವಾಯಿತು. ಅವರು ಒಂದು ಕುರ್ಚಿ ಎಳೆದು ನನ್ನ ಎದುರಿಗೇ ಹಾಕಿಕೊಂಡು ಕೂತರು. "ನಾಗರವೋ ಅಲ್ಲವೋ ಈಗ ಗೊತ್ತಾಗುತ್ತಲ್ಲಾ, ಕದಾ."

ಅಂದರೆ ನಾನು ಸತ್ತರೆ ನಾಗರ, ಬದುಕಿದರೆ ನೀರುಹಾವು. ಒಂದು ಮದುವೆ ನನ್ನ ನಾಡಿಯ ಮೇಲೆ ನಿಂತಿತು.

ನಾನು ದಿವಾನಿನ ಮೇಲೆ ಕಾಲು ಚಾಚಿ ಕೂತೆ. ಎಲ್ಲರೂ ಸುತ್ತ ಕೂತರು. ಅನ್ನಪೂರ್ಣಮ್ಮ ಗಾಯಕ್ಕೆ ಅರಿಶಿನ ಒತ್ತಿದರು. ಸೀತಾಮಹಾಲಕ್ಷ್ಮಿಗಾರು ಪಕ್ಕದ ಬೀದಿಯ ಮಂತ್ರ ಹಾಕುವವನಿಗೆ ಹೇಳಿ ಕಳಿಸಿದರು. ಅವನು ಸಿನಿಮಾಕ್ಕೆ ಹೋಗಿದ್ದನಂತೆ. ಅಮೂಲ್ಯಾ ನನ್ನ ಕಾಲ ಹತ್ತಿರ ಕೂತು ಪಾದ ಒತ್ತತೊಡಗಿದಳು. ಹುಡುಗಿಯಿಂದ ಹುಡುಗನ ಎದುರು ಹಾಡು ಹೇಳಿಸುವ ಬದಲು ನನ್ನ ಕಾಲು ಒತ್ತಿಸಿದ್ದು ಒಳ್ಳೆಯದೇ ಆಯಿತು, ಅವಳ ಹಾಡು ನಾನು ಕೇಳಿದ್ದೇನೆ.

"ಕಣ್ಣು ಮಂಜಾಗ್ತಿದೆಯೇನಮ್ಮಾ?" ಕಾಮೇಶ್ವರ ಅವರು ಬಗ್ಗಿ ಕೇಳಿದರು.

"ಇಲ್ರಿ. ನಿಮ್ಮ ಕಿವಿ ಹಿಂದಿನ ಸೋಪು ಸೈತ ಕಾಣ್ತೈತಿ."

"ನಾಲಿಗೆ ತೊದಲ್ತಾ ಇದೆಯಾ?"

"ತೊದಲಿದ್ರ ನಿಮಗ ಇಷ್ಟು ಉತ್ತರ ಕೊಡ್ತಿದ್ನೇನ್ರಿ?"

"ರೆಪ್ಪೆ ಭಾರ?"

"ಅದು ಊಟ ಆದಮ್ಯಾಲ ದಿನಾ ಇರ್ತೈತಿ. ಅನು, ಸಾಯೋರಿಗೆ ಒಂದಿಷ್ಟು ಮೆಣಸಿನಕಾಯಿ ಬಜ್ಜಿ ಕೊಡಂಗಿಲ್ಲೇನು ನಿಮ್ಮ ಕಡಿ?"

ಬಜ್ಜಿ ಬಂತು. ಬಿಸಿ ಬಜ್ಜಿಯ ಮುಂದೆ ಯಾರ ಸಾವೂ ಹೆಚ್ಚು ಹೊತ್ತು ದೊಡ್ಡದಾಗಿ ಉಳಿಯುವುದಿಲ್ಲ. ಸ್ವಲ್ಪ ಹೊತ್ತಿಗೆ ಅನ್ನಪೂರ್ಣಮ್ಮನವರೂ ಅನುವೂ ಮದುವೆಗೆ ಯಾವ ಊರು ಅನುಕೂಲ ಎಂದು ನನ್ನ ಮೈಮೇಲಿನಿಂದಲೇ ಮಾತಾಡತೊಡಗಿದರು. ಹೊರಗೆ ಆಟೋದವನು ಹಾರನ್ ಹೊಡೆದು, ಪೇಷಂಟು ಇದ್ದಾರೋ ಹೋದರೋ ಎಂದು ಕೇಳಿದ. ಶ್ರೀವತ್ಸ ಅವನಿಗೂ ಒಂದು ತಟ್ಟೆ ಬಜ್ಜಿ ಕೊಟ್ಟು ನಿಲ್ಲಿಸಿಕೊಂಡ. ನಾನು ಬೇಡವೆಂದರೂ ಅವನು ಆಟೋವನ್ನು ಕಳಿಸಲಿಲ್ಲ. ಅಮೂಲ್ಯಾ ಜೋಳ ತಿಂದದ್ದು ವ್ಯರ್ಥವಾಗಿಲ್ಲ ಎಂದುಕೊಂಡೆ.

ಹೊತ್ತು ಇಳಿಯಿತು. ರಕ್ತ ಯಾವಾಗಲೋ ನಿಂತಿತ್ತು. ನಾನು ಎದ್ದು ನಾಲ್ಕು ಹೆಜ್ಜೆ ಹಾಕಿ ತೋರಿಸಿದೆ. "ಆತೇನ್ರಿ? ನೀರುಹಾವು ಹೌದೋ ಅಲ್ಲೋ?"

ಕಾಮೇಶ್ವರ ಅವರು ನಿಧಾನಕ್ಕೆ ತಲೆಯಾಡಿಸಿದರು. "ಒಪ್ಪಿದೆ. ನಿಮ್ಮನ್ನ ಕಚ್ಚಿದ್ದು ನೀರುಹಾವು."

ಅನು ಕೈ ಮುಗಿದರು.

"ಆದರೆ ನಾನು ಕೊಂದದ್ದು ನಾಗರ."

ನನಗೆ ಸಿಟ್ಟು ನೆತ್ತಿಗೇರಿತು. ಕೈ ಕಚ್ಚಿಸಿಕೊಂಡದ್ದು ಇದಕ್ಕಾ? ಹುಡುಗಿಯ ಮುಖ ನೋಡಲಾಗಲಿಲ್ಲ. ರಾತ್ರಿಯ ಗಾಡಿಗೆ ಅವರು ಹೊರಡುವವರು, ಎಲೆ ಅಡಿಕೆ ತಟ್ಟೆ ದೇವರ ಮುಂದೆ ಹಾಗೇ ಇತ್ತು.

"ಮೊದ್ಲು ಆ ಹಾವನ್ನ ಹೊಳಿಗೆ ಬಿಟ್ಟು ಬರ್ರಿ," ಎಂದು ಹುಡುಗ ಹುಡುಗಿಯ ಕೈಗೆ ಬಿಂದಿಗೆ ಕೊಟ್ಟು ಆಟೋ ಹತ್ತಿಸಿದೆ. ಹೆಣ್ಣು ನೋಡಲು ಬಂದಾಗ ಹುಡುಗ ಹುಡುಗಿ ಸ್ವಲ್ಪ ಮಾತಾಡಿಕೊಳ್ಳಲಿ ಎಂದು ಬಿಡುವ ಪದ್ಧತಿ ಉಂಟಲ್ಲ, ಇವರಿಗೆ ಅದು ಒಂದು ಹಾವಿನ ಜೊತೆಗೆ ಸಿಕ್ಕಿತು. ತೆಪ್ಪಗೆ ಹೋದರು.

ಅವರು ಹೋದ ಮೇಲೆ ಕಾಮೇಶ್ವರ ಅವರು ಮೊಬೈಲು ಹಿಡಿದು ಅಂಗಳಕ್ಕೆ ನಡೆದರು. ನಾನು ಅಡುಗೆಮನೆಯ ಕಿಟಕಿಯ ಹತ್ತಿರ ಕೈಗೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದೆ. ವಿಶಾಖಪಟ್ಟಣದ ಯಾರೋ ಸ್ನೇಹಿತರಿಗೆ ಅವರು ಹೇಳುತ್ತಿದ್ದುದು ಚೆನ್ನಾಗಿ ಕೇಳಿಸಿತು.

"ಆರಡಿ ರೀ! ಎದೆಮಟ್ಟ ಎದ್ದು ನಿಂತಿತ್ತು. ನಾನು ಒಬ್ಬನೇ. ಕೈಯಲ್ಲಿ ಬರೀ ಒಂದು ಮಣೆ. ಕಣ್ಣಲ್ಲಿ ಕಣ್ಣಿಟ್ಟು ನೋಡಿದೆ. ಒಂದೇ ಏಟು! ... ಕೂಗಾ? ಹೌದು, ಬೇರೆಯವರು ಒಳಗೆ ಬರದೇ ಇರಲಿ ಅಂತ ಕೂಗಿ ಎಚ್ಚರಿಸಿದೆ."

ನನ್ನ ಪಕ್ಕಕ್ಕೆ ಅನ್ನಪೂರ್ಣಮ್ಮ ಬಂದು ನಿಂತಿದ್ದರು. ಅವರೂ ಕೇಳಿಸಿಕೊಂಡರು. ತಟ್ಟೆಯಲ್ಲಿ ಉಳಿದಿದ್ದ ಬಜ್ಜಿ ಎತ್ತಿಕೊಂಡು ಮೆಲ್ಲಗೆ ಹೇಳಿದರು.

"ಜಿರಲೆ ಕಂಡ್ರೆ ನನ್ನನ್ನ ಕರೀತಾರೆ ಇವರು. ಹಲ್ಲಿಗೂ ನಾನೇ. ಜನ್ಮಕ್ಕೆ ಒಂದು ಏನೋ ಕೊಂದಿದಾರೆ. ಅದನ್ನ ನೀವು ನೀರುಹಾವು ಮಾಡಿಬಿಟ್ರೆ ಹೇಗೆ ಹೇಳಿ?"

ಆಗ ನನ್ನ ತಲೆಗೆ ಬೆಳಕು ಬಿತ್ತು. ಆ ಮನುಷ್ಯನಿಗೆ ದೋಷದ ಹೆದರಿಕೆ ಎಲ್ಲಿತ್ತು? ಒಂದು ನೀರುಹಾವಿಗೆ ಕಮೋಡು ಹತ್ತಿದವನು ಎನ್ನಿಸಿಕೊಳ್ಳುವ ಹೆದರಿಕೆ ಅದು. ನಾನು ಅವರಿಗೆ ಸಾಕ್ಷಿ ಕೊಡುತ್ತ ಹೋದ ಹಾಗೆಲ್ಲ ಅವರ ಟವೆಲು ಎಳೆಯುತ್ತಿದ್ದೆ. ನನ್ನ ರಕ್ತ ಪೂರ್ತಿ ಹರಿಸಿದ್ದರೂ ಅವರು ಒಪ್ಪುತ್ತಿರಲಿಲ್ಲ. ಅವರ ಮಾನವೂ ಉಳಿಯಬೇಕು, ಹುಡುಗಿಯ ಮದುವೆಯೂ ಆಗಬೇಕು. ಅದಕ್ಕೆ ಬೇಕಾದದ್ದು ಇನ್ನೊಂದು ಹಾವು. ವಿಷ ಇರಬೇಕು, ಪೂಜೆ ಇರಬಾರದು.

ಅಂಥ ಹಾವೊಂದಿದೆ.

ಅವರು ಫೋನು ಮುಗಿಸಿ ತಿರುಗಿದಾಗ ನಾನು ಸತ್ತ ಹಾವನ್ನು ಹಳೆಯ ಪೇಪರಿನ ಮೇಲೆ ಹಾಕಿಕೊಂಡು ಅಂಗಳದ ಬೆಳಕಿನಲ್ಲಿ ಕೂತಿದ್ದೆ. ಬಾಲಚಂದ್ರ ಅವರ ಕನ್ನಡಕವನ್ನೂ ಇಸಿದುಕೊಂಡು ಹಾಕಿಕೊಂಡಿದ್ದೆ. ಅದರಲ್ಲಿ ನನಗೆ ಏನೂ ಕಾಣುತ್ತಿರಲಿಲ್ಲ, ಆದರೆ ನೋಡುವವರಿಗೆ ನಂಬಿಕೆ ಬರುವಂತಿತ್ತು.

"ಒಂದ್ ಮಾತ್ ಕೇಳ್ತೀನಿ, ನೆಪ್ಪು ಮಾಡ್ಕಂಡು ಹೇಳ್ರಿ," ಎಂದೆ. "ಇದು ಬುಸುಗುಟ್ಟಿತೇನ್ರಿ? ಸಣ್ಣಗಲ್ಲ, ಕುಕ್ಕರ್ ಸೀಟಿಗೆ ಮುಂಚೆ ಹೆಂಗ ಬುಸ್ ಅಂತೈತಿ, ಹಂಗ?"

ಅವರು ಕಣ್ಣು ಮುಚ್ಚಿ ನೆನಪು ಮಾಡಿಕೊಂಡರು. "ಹ್ಞಾಂ! ಕುಕ್ಕರ್! ಸರಿಯಾಗಿ ಹೇಳಿದ್ರಿ."

"ದಪ್ಪ ಇತ್ತೇನ್ರಿ? ಈಗ ರಕ್ತ ಹೋಗಿ ಸಣ್ಣಗಾಗೇತಿ."

"ನನ್ನ ತೋಳಿನಷ್ಟು!"

"ತಲಿ ಮೂರು ಮೂಲಿ?"

"ಮೂರೇ ಮೂಲೆ. ನಾನೇ ನೋಡಿದ್ದು."

ನಾನು ಕನ್ನಡಕ ತೆಗೆದು ಎದ್ದು ನಿಂತೆ. "ತಪ್ಪಾತ್ರಿ ನಂದು. ತಲಿ ಇಲ್ದಿದ್ದಕ್ಕ ಮೋಸ ಹೋದೆ. ಇದು ನೀರುಹಾವಲ್ಲ."

"ನಾನು ಹೇಳಲಿಲ್ಲವಾ!"

"ನಾಗರಾನೂ ಅಲ್ರಿ. ಇದು ಕೊಳಕುಮಂಡಲ."

ಸೀತಾಮಹಾಲಕ್ಷ್ಮಿಗಾರಿಗೆ ಕನ್ನಡದ ಹೆಸರು ತಿಳಿಯಲಿಲ್ಲ. "ನೀವು ರಕ್ತಪಿಂಜರ ಅಂತೀರಲ್ಲ, ಅದು," ಎಂದೆ. ಅವರು ಎದೆಗೆ ಕೈಯಿಟ್ಟುಕೊಂಡು ಮೆಟ್ಟಿಲ ಮೇಲೆ ಕುಸಿದು ಕೂತರು. "ಅಮ್ಮೋ, ರಕ್ತಪಿಂಜರ! ನಾ ಇಂಟ್ಲೋನಾ!" ನನ್ನ ಮನೆಯೊಳಗಾ ಎಂಬ ಆ ಕೂಗು ಬೇಲಿಯಾಚೆಯ ಹೆಂಗಸರಿಗೆ ಸಾಕಾಯಿತು. ಕಾಮೇಶ್ವರ ಅವರ ಸುತ್ತ ಜನ ಸೇರಿದರು. ಯಾವುದರಿಂದ ಹೊಡೆದಿರಿ, ಎಲ್ಲಿ ನಿಂತಿದ್ದಿರಿ ಎಂದು ಕೇಳಿದರು.

"ನಾಗರಕ್ಕಿಂತ ಕೆಟ್ಟದ್ದಾ ಇದು?" ಎಂದು ಅವರು ನನ್ನನ್ನು ಕೇಳಿದರು. ದನಿ ಮೆತ್ತಗಾಗಿತ್ತು.

"ಕೇಳಬ್ಯಾಡ್ರಿ. ನಾಗರ ಸ್ವಲ್ಪ ಮರ್ಯಾದಸ್ಥ. ಇದಕ್ಕ ಅದೂ ಇಲ್ಲ. ಕೊಳಕುಮಂಡಲಾನ ಮಣಿಯಿಂದ ಕೊಂದೋರನ್ನ ನಾನು ಇಲ್ಲೀತನಕ ನೋಡಿಲ್ರಿ."

ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಯಾರೂ ಕೊಂದಿರಲಿಲ್ಲ, ನಾನೂ ನೋಡಿರಲಿಲ್ಲ.

"ಮತ್ತೆ ದೋಷ?"

"ಕೊಳಕುಮಂಡಲಕ್ಕ ಹೆಡಿ ಎಲ್ಲೈತ್ರಿ? ಹೆಡಿ ಇಲ್ದಿದ್ದಕ್ಕ ಎಲ್ಲಿ ಸಂಸ್ಕಾರ? ಪಂಚಮಿಗೆ ಯಾರರ ಅದಕ್ಕ ಹಾಲು ಎರೀತಾರೇನು?"

"ಹೆಡೆ ಎತ್ತಿತ್ತಲ್ಲ..." ಎಂದು ಬಾಲಚಂದ್ರ ಅವರು ಶುರುಮಾಡಿದರು. ಲೆಕ್ಕ ತಾಳೆಯಾಗದಿದ್ದರೆ ನಿದ್ದೆ ಬಾರದ ಮನುಷ್ಯ. ಅನು ಅವರ ಕಾಲು ತುಳಿದರು.

"ಸಿಟ್ಟಿಗೆ ಮೈ ಉಬ್ಬಿಸಿರ್ತೈತಿ," ಎಂದೆ.

"ಉಬ್ಬಿಸಿತ್ತು," ಎಂದರು ಕಾಮೇಶ್ವರ. "ಭಯಂಕರವಾಗಿ ಉಬ್ಬಿಸಿತ್ತು. ಹೆಡೆ ಅಂತ ನನಗೆ ಅನ್ನಿಸಿದ್ದು ಅದೇ."

ಖಾಲಿ ಬಿಂದಿಗೆ ಹಿಡಿದು ಹುಡುಗ ಹುಡುಗಿ ಹಿಂತಿರುಗಿದಾಗ ತಟ್ಟೆ ದೇವರ ಮುಂದಿನಿಂದ ನಡುಮನೆಗೆ ಬಂದಿತ್ತು. ಎಲೆ ಅಡಿಕೆ ಬದಲಾಯಿಸಿದರು. ಅಮೂಲ್ಯಾ ನನ್ನ ಕಾಲಿಗೆ ಬಿದ್ದು, ಏಳುವಾಗ ಕಿವಿಯಲ್ಲಿ, "ಯಾವ ಹಾವು ಆಂಟಿ ಅದು?" ಎಂದಳು. "ನಿನ್ನ ಮಾವ ಹೇಳಿದ್ದು," ಎಂದೆ.

ಮಾರನೆಯ ದಿನ ಸೀತಾಮಹಾಲಕ್ಷ್ಮಿಗಾರನ್ನು ಒಬ್ಬರನ್ನೇ ಕೂರಿಸಿಕೊಂಡು ನಿಜ ಹೇಳಿದೆ. ಇಲ್ಲದಿದ್ದರೆ ಆ ಬೀದಿಯಲ್ಲಿ ಒಂದು ನೀರುಹಾವೂ ಉಳಿಯುತ್ತಿರಲಿಲ್ಲ. ಚೌಕದ ಬೆನ್ನು, ಅತ್ತ ಕಾಡಿಗೆಯ ಕಣ್ಣು ಎಂದು ಗುರುತು ಹೇಳಿಕೊಟ್ಟೆ. ಕೊಳಕುಮಂಡಲಕ್ಕೆ ಬೆನ್ನ ಮೇಲೆ ಸರಪಳಿಯ ಹಾಗೆ ದೊಡ್ಡ ಬಳೆಗಳಿರುತ್ತವೆ, ಮೈ ಗಿಡ್ಡ, ದಪ್ಪ, ಅದನ್ನು ಕಂಡರೆ ದೂರ ನಿಂತು ಜನ ಕರೆಯಿರಿ ಎಂದೂ ಹೇಳಿದೆ. ಅವರು ಎಲ್ಲವನ್ನೂ ಕೇಳಿ, ಬೀದಿಯವರಿಗೆ ಗುರುತನ್ನಷ್ಟೇ ಹೇಳುತ್ತೇನೆ, ನಡೆದದ್ದನ್ನಲ್ಲ ಎಂದು ಆಣೆ ಮಾಡಿ, ತೂತಿಗೆ ಜಾಲರಿ ಹಾಕಿಸಿದರು. ಬಾಡಿಗೆಯನ್ನೂ ಸ್ವಲ್ಪ ಏರಿಸಿದರು.

ನಿಶ್ಚಿತಾರ್ಥ ಕಾರ್ತೀಕದಲ್ಲಿ, ವಿಶಾಖಪಟ್ಟಣದ ಒಂದು ಮದುವೆ ಹಾಲಿನಲ್ಲಿ ಆಯಿತು. ನಾವೂ ರೈಲು ಹತ್ತಿ ಹೋದೆವು. ಉಂಗುರ ಹಾಕುವ ಮೊದಲು ನೆಂಟರೆಲ್ಲ ಕೂತಿದ್ದಾಗ ಕಾಮೇಶ್ವರ ಅವರು ಕಥೆ ತೆಗೆದರು. ಹಾವು ಆಗಲೇ ಏಳಡಿಗೆ ಬೆಳೆದಿತ್ತು. ಮಣೆ ಮಾಯವಾಗಿ ಬರಿಗೈ ಬಂದಿತ್ತು. ಬಚ್ಚಲು ಯಾಕೋ ತೋಟವಾಗಿತ್ತು. ಅಷ್ಟಾದರೂ ನಾನು ಸುಮ್ಮನೆ ಪಾಯಸ ಕುಡಿಯುತ್ತಿದ್ದೆ.

"ಅಷ್ಟರಲ್ಲಿ ಅದು ಈ ತಾಯಿಯ ಕೈಗೆ ಬಾಯಿ ಹಾಕಿತ್ತು," ಎಂದರು ನನ್ನ ಕಡೆ ಕೈ ತೋರಿಸಿ. "ರಕ್ತಪಿಂಜರ! ಕಚ್ಚಿ ಹಿಡಿದುಕೊಂಡಿತ್ತು. ನಾನು ಹಿಂದೆ ಮುಂದೆ ನೋಡದೆ ಕುತ್ತಿಗೆ ಹಿಡಿದು ಬಿಡಿಸಿ, ಒಂದೇ ಏಟು! ಇವರು ಇವತ್ತು ಇಲ್ಲಿ ಕೂತು ಪಾಯಸ ಕುಡೀತಿದ್ದಾರೆ ಅಂದ್ರೆ... ಅಲ್ವೇನಮ್ಮಾ ಕಮಲಮ್ಮನವರೇ?"

ಹಾಲಿನ ಕಣ್ಣೆಲ್ಲ ನನ್ನ ಮೇಲೆ ಬಿತ್ತು. ನಮ್ಮ ಯಜಮಾನರು ಬಾಯಿಗೆ ಹೋದ ಚಮಚವನ್ನು ಹಾಗೇ ಹಿಡಿದು ನನ್ನನ್ನು ನೋಡಿದರು. ಅನ್ನಪೂರ್ಣಮ್ಮ ತಲೆ ಬಗ್ಗಿಸಿ ಸೀರೆಯ ಅಂಚು ಸರಿಮಾಡಿಕೊಂಡರು, ಭುಜ ಮಾತ್ರ ಕುಲುಕುತ್ತಿತ್ತು. ಮಣೆಯ ಮೇಲೆ ಕೂತ ಅಮೂಲ್ಯಾಳ ಬೆರಳಿಗೆ ಇನ್ನೂ ಉಂಗುರ ಬಿದ್ದಿರಲಿಲ್ಲ. ಪಕ್ಕದಲ್ಲಿ ಶ್ರೀವತ್ಸ ನನ್ನನ್ನೇ ದಯವಿಟ್ಟು ಎನ್ನುವ ಹಾಗೆ ನೋಡುತ್ತಿದ್ದ.

"ಹೌದ್ರಿ," ಎಂದೆ. "ಅವರಿಲ್ಲದಿದ್ರ ನಾನು ಅವತ್ತೇ ಹೋಗ್ತಿದ್ದೆ."

ಹಾಲೆಲ್ಲ ಚಪ್ಪಾಳೆ. ಓಲಗದವರು ಅದನ್ನೇ ಸನ್ನೆ ಎಂದು ತಿಳಿದು ಶುರುಮಾಡಿಬಿಟ್ಟರು. ಪುರೋಹಿತರು ಅವಸರದಲ್ಲಿ ಉಂಗುರ ಹಾಕಿಸಿದರು.

ಪಕ್ಕದಲ್ಲಿದ್ದ ಯಾವುದೋ ಅಜ್ಜಿ ನನ್ನ ಕೈ ಹಿಡಿದುಕೊಂಡು, ಎಲ್ಲಿ ಕಚ್ಚಿದ್ದು ತೋರಿಸು ಎಂದಳು. ನೀರುಹಾವಿನ ಹಲ್ಲಿನ ಗುರುತು ವಾರದೊಳಗೇ ಮಾಯವಾಗಿತ್ತು. ಅಷ್ಟು ದೂರದಿಂದ ಆಸೆಪಟ್ಟು ಬಂದ ಮುದುಕಿ. ಸೆರಗು ಸರಿಸಿ, ಯುಗಾದಿಗೆ ಹೋಳಿಗೆ ಹಂಚು ತಾಗಿ ಮೊಣಕೈ ಹತ್ತಿರ ಸುಟ್ಟಿದ್ದ ಕಲೆಯನ್ನು ತೋರಿಸಿದೆ. ಅವಳು ಅದನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು.